ಬೀಗರ ಮನೆಯ ಗರಗಸ

ಇಶೆನ್‌ಕುಲ್ ಒಳ್ಳೆಯವನು ಎಂದು ಯಾರಾದರೂ ಅಂದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕಾರಾ-ತೊಕೊಯ್ ಊರಿನಲ್ಲಿ ದಿನಕ್ಕೊಬ್ಬರಾದರೂ ಆ ಮಾತು ಅನ್ನುತ್ತಾರೆ. ಪಕ್ಕದ ಮನೆಯವನು ಎಂಬ ಕಾರಣಕ್ಕೆ ನಾನೂ ಹೂಂ ಅನ್ನುತ್ತೇನೆ. ಅವನ ಒಳ್ಳೆಯತನದಿಂದ ಯಾರ ಹೊಟ್ಟೆ ತುಂಬಿತು, ಯಾರ ಕಣ್ಣೀರು ನಿಂತಿತು ಎಂದು ಕೇಳಬೇಕು ಅನ್ನಿಸುತ್ತದೆ. ಇದುವರೆಗೆ ಕೇಳಿಲ್ಲ.

ಮರ ಕೊಯ್ಯುವುದು ಅವನ ಕಸುಬು. ಬೇಲಿಯ ಮೇಲೆ ವಾಲಿದ ಪಾಪ್ಲರ್, ಗಾಳಿಗೆ ಉರುಳಿದ ಸ್ಪ್ರೂಸ್, ಅರಣ್ಯದವರು ಗುರುತು ಹಾಕಿಕೊಟ್ಟ ಒಣಮರ, ಏನಿದ್ದರೂ ಅವನನ್ನೇ ಕರೆಯಬೇಕು. ಕುಳ್ಳು ಮೈ, ಮೊಣಕೈವರೆಗೆ ಅಂಟಿದ ಮರದ ಮೇಣ, ಸದ್ದಿಗೆ ಅರ್ಧ ಮಂದವಾದ ಕಿವಿ. ಹೆಂಡತಿ ಬಾತ್ಮಾಕಾನ್ ಅಂಗಳದಿಂದ ಕೂಗಿದರೆ ಅವನಿಗೆ ಕೇಳಿಸುವುದಿಲ್ಲ. ಬೀದಿಯಾಚೆ ಯಾರೋ ಗರಗಸದ ಮೆಷಿನ್ ಚಾಲೂ ಮಾಡಿದರೆ ಮಾತ್ರ ಚಹಾದ ಬಟ್ಟಲು ಕೆಳಗಿಟ್ಟು, "ಪೆಟ್ರೋಲಿಗೆ ಆಯಿಲ್ ಕಮ್ಮಿ ಹಾಕಿದಾನೆ ಮುಂಡೇದು, ಮೆಷಿನ್ ಸುಟ್ಕೋತಾನೆ" ಎಂದು ತನ್ನದೇ ಸ್ವತ್ತು ಹಾಳಾದಂತೆ ನೊಂದುಕೊಳ್ಳುತ್ತಾನೆ.

ಹಾಗಾಗಿ ಸುತ್ತಮುತ್ತ ಹಳೇ ಗರಗಸ ಕೊಳ್ಳುವವರು ಯಾರೂ ಅವನನ್ನು ಬಿಟ್ಟು ಕೊಳ್ಳುತ್ತಿರಲಿಲ್ಲ. ನನ್ನ ಹತ್ತಿರ ಕಾರು ಇರುವುದರಿಂದ ಡ್ರೈವರ್ ಕೆಲಸ ನನ್ನ ಪಾಲಿಗೆ. ಮಾರುವವನ ಅಂಗಳಕ್ಕೆ ಹೋದವನೇ ಅವನು ಸಲಾಮು ಹೇಳುತ್ತ ಮೊದಲು ಸೈಲೆನ್ಸರಿನ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಅಲ್ಲಿಗೆ ಮುಗಿಯಿತು. ತಣ್ಣಗಿದ್ದಾಗ ಚಾಲೂ ಆಗದ ಮೆಷಿನ್ನನ್ನು ನಾವು ಬರುವ ಮುಂಚೆಯೇ ಓಡಿಸಿ ಬಿಸಿ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಿದ್ದರೆ, ಚಾಲೂ ಮಾಡುವ ಹಗ್ಗದ ಹಿಡಿಯಿಂದ ಇಡೀ ಗರಗಸವನ್ನು ನೇತುಬಿಡುತ್ತಿದ್ದ. ತಡೆತಡೆದು ಕೆಳಗಿಳಿದರೆ ಇಂಜಿನ್ನಿನಲ್ಲಿ ಇನ್ನೂ ದಮ್ಮಿದೆ. ದಡಕ್ಕನೆ ಜಾರಿದರೆ ಇಲ್ಲ. ಆಮೇಲೆ ಸೈಲೆನ್ಸರ್ ಬಿಚ್ಚಿ ಪಿಸ್ಟನ್ನಿನ ಮೇಲೆ ಗೀರು ಬಿದ್ದಿದೆಯೇ ಎಂದು ಬಗ್ಗಿ ನೋಡುವುದು, ಸರಪಳಿ ಓಡುವ ಪಟ್ಟಿಯ ಅಂಚಿನ ಮೇಲೆ ಉಗುರು ಎಳೆಯುವುದು, ಹಲ್ಲಿನಲ್ಲಿ ಅರ ಹಾಕುವಷ್ಟು ಉಕ್ಕು ಉಳಿದಿದೆಯೇ ಎಂದು ಸವರುವುದು. ಕಡೆಗೆ ಬೆಲೆ ಹೇಳುತ್ತಿದ್ದ. ಒಂದೇ ಬೆಲೆ, ಒಂದೇ ಸಲ. ಅದರ ಮೇಲೆ ಮಾರುವವನೂ ಚೌಕಾಸಿ ಮಾಡುತ್ತಿರಲಿಲ್ಲ, ಕೊಳ್ಳುವವನೂ ಮಾಡುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಅವನಿಗೆ ಸಿಗುತ್ತಿದ್ದುದು ಚಹಾ, ನಾಲ್ಕು ಕರಿದ ಬೋರ್ಸೋಕ್.

"ನೂರಿನ್ನೂರು ಸೋಮ್ ಕೇಳಣ್ಣ, ಬಾಯಿ ಇಲ್ವಾ ನಿಂಗೆ?" ಎಂದು ನಾನು ಬೈದರೆ, "ನೋಡಿದ್ದಕ್ಕೂ ದುಡ್ಡಾ ಕೆನೆಶ್? ಜನ ಏನಂತಾರೆ?" ಎನ್ನುತ್ತಿದ್ದ. ಜನ ಏನಂತಾರೆ ಎಂಬುದೊಂದೇ ಅವನ ಇಡೀ ಬಾಳಿನ ಚಿಂತೆ.

ಹೋದ ವರ್ಷ ಆಲೂಗಡ್ಡೆ ಅಗೆಯುವ ಹೊತ್ತಿಗೆ ಅವನ ಸ್ವಂತ ಗರಗಸವೇ ಕಳುವಾಯಿತು. ಕೊಟ್ಟಿಗೆಯ ಬೀಗ ಒಡೆದಿರಲಿಲ್ಲ. ಕೀಲಿ ಎಂದಿನಂತೆ ಚೌಕಟ್ಟಿನ ಮೇಲೇ ಇತ್ತು. ಅವನ ನಾಯಿ ಎಂಥದೆಂದರೆ ಪಕ್ಕದ ಮನೆಯ ನನ್ನನ್ನೂ ಬಿಡುವುದಿಲ್ಲ. ಅದು ಅಂದು ಬೊಗಳಲೇ ಇಲ್ಲ.

"ನಾಯಿಗೆ ಗುರುತಿರೋನೇ ಬಂದಿದಾನೆ ಅಣ್ಣ. ಆಲೂಗಡ್ಡೆ ಅಗೆಯೋಕೆ ಅಂತ ಯಾರ್ಯಾರು ಬಂದಿದ್ರು, ಸ್ವಲ್ಪ ಯೋಚ್ನೆ ಮಾಡು" ಅಂದೆ.

"ಬಾಯಿ ಮುಚ್ಚು. ಬಂದಿದ್ದು ನನ್ನ ಅಳಿಯ."

ಅಲ್ಲಿಗೆ ಆ ಮಾತು ನಿಂತಿತು. ಹಿಮ ಬೀಳಲು ಹೆಚ್ಚು ದಿನ ಇರಲಿಲ್ಲ. ಊರಿನವರೆಲ್ಲ ಸೌದೆಗೆ ಹೇಳಿಬಿಟ್ಟಿದ್ದರು, ಇಶೆನ್‌ಕುಲ್ ಕೈಗರಗಸ ಹಿಡಿದು ಸೊಂಟ ಮುರಿದುಕೊಳ್ಳುತ್ತಿದ್ದ. ಕಡೆಗೆ ಎರಡು ಕುರಿ ಮಾರಿ, ಆ ದುಡ್ಡಿನಲ್ಲಿ ಯಾವುದಾದರೂ ಹಳೇ ಗರಗಸ ಸಿಕ್ಕೀತೇ ಎಂದು ಹುಡುಕತೊಡಗಿದ.

ಅಳಿಯನ ವಿಷಯ ಹೇಳಲೇಬೇಕು. ಇಶೆನ್‌ಕುಲ್‌ಗೆ ಒಬ್ಬಳೇ ಮಗಳು, ಅನಾರಾ. ಅವಳನ್ನು ಕಣಿವೆಯಾಚೆಯ ತೆರೆಕ್-ಸೂ ಊರಿನ ಒಮುರ್ಜಾಕ್ ಎಂಬವನ ಮಗ ಮಿರ್ಲಾನ್‌ಗೆ ಕೊಟ್ಟಿದ್ದರು. ಕಳುವಾದದ್ದಕ್ಕೂ ಹಿಂದಿನ ಚಳಿಗಾಲದಲ್ಲಿ ಅವಳು ಊದಿದ ತುಟಿ ಹೊತ್ತು, ಕಂಕುಳಲ್ಲಿ ಕೂಸು ಇಟ್ಟುಕೊಂಡು ತವರಿಗೆ ಬಂದಿದ್ದಳು. ಬೀಗರು ಒಂದು ಕುರಿ ತಂದರು. ಹಿರಿಯರು ಕೂತರು, ಉಂಡರು, ಗಂಡ ಹೆಂಡಿರ ಜಗಳ ಎಂದರು. ತಲೆಗೆ ಮದುವೆಯ ಬಿಳಿ ರುಮಾಲು ಕಟ್ಟಿಸಿಕೊಂಡು ಹೋದ ಮನೆ ಬಿಟ್ಟು ಬರುವುದುಂಟೇ ಎಂದರು. ಇಶೆನ್‌ಕುಲ್ ತಾನೇ ಮಗಳನ್ನು ಕರೆದುಕೊಂಡು ಹೋಗಿ ಬಿಟ್ಟುಬಂದ. ಒಳ್ಳೆಯವನಲ್ಲವೇ!

ಆ ಅನಾರಾಳಿಂದಲೇ ಫೋನ್ ಬಂತು. ಅಪ್ಪನ ಕಿವಿ ಮಂದವಾದ್ದರಿಂದ ಅವಳು ಯಾವಾಗಲೂ ಕೂಗಿ ಮಾತಾಡುವವಳು. ಅಂದು ಸಣ್ಣಗೆ ಮಾತಾಡಿದಳು. ನಾನೇ ಸ್ಪೀಕರ್ ಹಾಕಿಕೊಟ್ಟೆ.

"ಅಪ್ಪಾ, ನಮ್ಮಾವ ಒಂದು ಹಳೇ ಗರಗಸ ಮಾರೋಕೆ ಇಟ್ಟಿದಾರೆ. ಬಂದು ನೋಡಿ."

"ಬೀಗರ ಹತ್ರ ವ್ಯಾಪಾರನಾ? ಚೆನ್ನಾಗಿರಲ್ಲಮ್ಮ."

"ನೀವೇ ಬನ್ನಿ. ಬೇರೆಯವರನ್ನ ಕಳಿಸ್ಬೇಡಿ. ನಾಳೇನೇ ಬನ್ನಿ ಅಪ್ಪ."

ಮರುದಿನ ಹೊರಟೆವು. ಬೀಗರ ಮನೆಗೆ ಬರಿಗೈಲಿ ಹೋಗಬಾರದೆಂದು ಅವನು ದಾರಿಯಲ್ಲಿ ಸಕ್ಕರೆ, ಚಹಾಪುಡಿ, ಒಮುರ್ಜಾಕ್‌ನ ಹೆಂಡತಿಗೆ ಒಂದು ಶಾಲು ಎಲ್ಲ ಕೊಂಡ. ಗರಗಸದ ದುಡ್ಡಿನಲ್ಲೇ ಕೊಂಡ.

ಒಮುರ್ಜಾಕ್ ದಪ್ಪ ಆಸಾಮಿ. ಗೇಟಿನಲ್ಲೇ ಎರಡೂ ತೋಳಲ್ಲಿ ತಬ್ಬಿಕೊಂಡ.

"ಬನ್ನಿ ಬೀಗರೇ, ಬನ್ನಿ! ಗರಗಸದ ನೆಪದಲ್ಲಾದ್ರೂ ನಮ್ಮನೆ ಕಡೆ ಮುಖ ಹಾಕಿದ್ರಲ್ಲ!"

ಬೀಗರು ಬೀಗರು ನೇರ ಚೌಕಾಸಿ ಮಾಡಿದರೆ ನಾಚಿಕೆಗೇಡು. ಅದಕ್ಕೆಂದೇ ಅವನು ಸಾತಿಬಾಲ್ಡಿ ಎಂಬ ಮುದುಕನನ್ನು ಕರೆಸಿ ಕೂರಿಸಿದ್ದ. ದನದ ಸಂತೆಯಲ್ಲಿ ದಲ್ಲಾಳಿ ಕೆಲಸ ಮಾಡಿ ಪಳಗಿದ ಮುದುಕ ಅದು. ಪಕ್ಕದ ಮನೆಯ ಇನ್ನಿಬ್ಬರು ಗಂಡಸರು ಸಾಕ್ಷಿಗೆ ಬಂದು ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಅಳಿಯ ಮಿರ್ಲಾನ್ ಕಂಬಕ್ಕೆ ಒರಗಿ ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆ ಉಗುಳುತ್ತಿದ್ದ. ಮಾವನ ಕೈ ಕುಲುಕಿದ, ಕಣ್ಣು ಕೂಡಿಸಲಿಲ್ಲ.

ಗರಗಸ ಅಂಗಳದ ಮರದ ದಿಮ್ಮಿಯ ಮೇಲಿತ್ತು. ಹೊರಗಿನ ಪ್ಲಾಸ್ಟಿಕ್ಕೆಲ್ಲ ಹೊಚ್ಚಹೊಸದು, ಹಿಡಿಕೆ ಹೊಸದು. ಇಶೆನ್‌ಕುಲ್ ಅಂಗೈ ಇಟ್ಟ. ತಣ್ಣಗಿತ್ತು. ಹಗ್ಗ ಹಿಡಿದು ನೇತುಬಿಟ್ಟ. ತಡೆತಡೆದು ಇಳಿಯಿತು. ಅವನ ಮುಖ ಅರಳಿದ್ದನ್ನು ನೋಡಿ ನನಗೂ ಖುಷಿಯಾಯಿತು, ಸದ್ಯ ಈ ಸಲದ ಚಳಿಗಾಲಕ್ಕೆ ದಾರಿಯಾಯಿತು ಎಂದುಕೊಂಡೆ. ಸೈಲೆನ್ಸರ್ ಬಿಚ್ಚಿ ನೋಡಿದ. ಪಿಸ್ಟನ್ನಿನ ಮೇಲೆ ಒಂದು ಗೀರಿಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದ. ಬಿಚ್ಚಿದವನು ಹಾಗೇ ನಿಂತುಬಿಟ್ಟ.

ನಾನೂ ಬಗ್ಗಿ ನೋಡಿದೆ. ಪ್ಲಗ್ ಕೂರುವ ತೂತಿನೊಳಗೆ ಒಂದು ಹಿತ್ತಾಳೆಯ ಬಳೆ ಇತ್ತು. ಅದರ ಹಿತ್ತಾಳೆ ನನ್ನ ಮನೆಯದು. ಹಿಂದೊಮ್ಮೆ ಪ್ಲಗ್ಗಿನ ತಿರುಪು ಸವೆದುಹೋದಾಗ, ಚಹಾಕ್ಕೆ ನೀರು ಕಾಯಿಸುವ ನಮ್ಮ ಒಡೆದ ಸಮೋವಾರಿನ ನಲ್ಲಿಯನ್ನು ಕೊಯ್ದು, ತಿರುಪು ಕೊರೆದು ಇಶೆನ್‌ಕುಲ್ ತಾನೇ ಅದನ್ನು ಕೂರಿಸಿದ್ದ. ಅಂಥದ್ದು ಇನ್ನೊಂದು ಗರಗಸದಲ್ಲಿ ಇರಲು ಸಾಧ್ಯವೇ ಇಲ್ಲ. ಮೇಲಿನ ಚರ್ಮವೆಲ್ಲ ಬದಲಾಯಿಸಿದ ಕಳ್ಳನಿಗೆ ಒಳಗಿನ ಈ ಗುರುತು ಗೊತ್ತಿರಲಿಲ್ಲ.

"ಅಣ್ಣಾ, ಇದು..." ಎಂದು ನಾನು ಬಾಯಿ ತೆರೆದೆ. ಅವನು ನನ್ನ ಕಾಲು ತುಳಿದ.

ಆ ಹೊತ್ತಿಗೆ ಸರಿಯಾಗಿ ಅನಾರಾ ಚಹಾ ತಂದಳು. ಬಟ್ಟಲನ್ನು ಬಲಗೈಲಿ ಕೊಡುವುದು ಪದ್ಧತಿ. ಅವಳು ಎಡಗೈಲಿ ಕೊಟ್ಟಳು, ಬಲಗೈ ಮೇಲೇಳಲಿಲ್ಲ. ನಾನು ನೋಡಿದೆ. ಇಶೆನ್‌ಕುಲ್ ನೋಡಲಿಲ್ಲ, ಅವನ ಕಣ್ಣೆಲ್ಲ ಕೈಲಿದ್ದ ಪ್ಲಗ್ಗಿನ ಮೇಲೆ. ಆಮೇಲೆ ತಲೆಯೆತ್ತಿ ಮಗಳ ಮುಖ ನೋಡಿದ. ಅವಳು ಕಣ್ಣು ಕೆಳಗಿಳಿಸಲಿಲ್ಲ. ಏನನ್ನೋ ಬೇಡುತ್ತಿದ್ದಳು. ದಯವಿಟ್ಟು ಸುಮ್ಮನಿರಿ ಎಂದು ಬೇಡುವ ಹಾಗೆ ನನಗೆ ಕಂಡಿತು. ಅವನಿಗೂ ಹಾಗೇ ಕಂಡಿರಬೇಕು.

"ಏನ್ ಮಾವ, ಅಷ್ಟೊತ್ತು ನೋಡ್ತಿದೀರಾ? ಒಳಗೆ ಚಿನ್ನ ಗಿನ್ನ ಇಟ್ಟಿದಾರಾ?" ಅಂದ ಮಿರ್ಲಾನ್.

"ಹಿತ್ತಾಳೆ" ಅಂದ ಇಶೆನ್‌ಕುಲ್. "ಯಾರೋ ರಿಪೇರಿ ಮಾಡಿದಾರೆ. ಚೆನ್ನಾಗೇ ಮಾಡಿದಾರೆ."

ಮಿರ್ಲಾನ್‌ನ ಬಾಯಾಡುವುದು ನಿಂತಿತು. ಮಾವ ಮುಂದೆ ಮಾತಾಡದ್ದು ಕಂಡು ಮತ್ತೆ ಬೀಜ ಕಡಿಯತೊಡಗಿದ. ಆ ಸದ್ದಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ನನಗೆ.

ಒಮುರ್ಜಾಕ್ ಮುಂದೆ ಬಂದ. "ಹೆಂಗಿದೆ ಮಾಲು? ಎಲ್ಲರ ಮುಂದೆ ಹೇಳಿಬಿಡಿ. ನಾಳೆ ಬೀಗರು ಟೋಪಿ ಹಾಕಿದ್ರು ಅನ್ನೋ ಮಾತು ಬರ್ಬಾರ್ದು ನೋಡಿ."

"ಮಾಲು ಒಳ್ಳೇದು. ಇದ್ರಲ್ಲಿ ಯಾವ ದೋಷಾನೂ ಇಲ್ಲ."

"ಕೇಳಿಸ್ಕೊಂಡ್ರಾ? ಇಶೆನ್‌ಕುಲ್ ಬಾಯಿಂದ ಬಂದ ಮಾತು!" ಒಮುರ್ಜಾಕ್ ಗೋಡೆ ಪಕ್ಕದವರತ್ತ ತಿರುಗಿ ಹೇಳಿದ. ಅವರು ತಲೆಯಾಡಿಸಿದರು. ಅವನಿಗೆ ಕಳ್ಳತನ ಗೊತ್ತಿತ್ತೋ ಇಲ್ಲವೋ ನಾನು ಆಣೆ ಹಾಕಿ ಹೇಳಲಾರೆ. ಆದರೆ ಮಗ ಎಲ್ಲಿಂದಲೋ ತಂದ ಹಳೇ ಮೆಷಿನ್ನಿಗೆ ಸುಮ್ಮಸುಮ್ಮನೆ ಯಾರೂ ಹೊಸ ಚರ್ಮ ಹೊದಿಸುವುದಿಲ್ಲ.

ಸಾತಿಬಾಲ್ಡಿ ಇಬ್ಬರ ಕೈಯನ್ನೂ ಹಿಡಿದು ಜೋಡಿಸಿದ. "ಹೇಳು ತಮ್ಮಾ, ಎಷ್ಟು?"

"ಹದಿನಾರು ಸಾವಿರ."

ನ್ಯಾಯವಾದ ಬೆಲೆ. ತನ್ನದೇ ಸ್ವತ್ತಿಗೆ ಅವನು ಒಂದು ಸೋಮ್ ಕೂಡ ಕಡಿಮೆ ಕಟ್ಟಲಿಲ್ಲ!

"ಬಜಾರಲ್ಲಿ ಇಪ್ಪತ್ತಕ್ಕೆ ಕಣ್ಮುಚ್ಕೊಂಡು ಒಯ್ತಾರೆ. ಬೀಗರು ಅಂತ ಹದಿನೆಂಟು" ಅಂದ ಒಮುರ್ಜಾಕ್.

ಮುದುಕ ಇಬ್ಬರ ಕೈಯನ್ನೂ ಮೇಲೆ ಕೆಳಗೆ ಕುಲುಕುತ್ತ, "ಹದಿನೇಳು! ಕೊಟ್ಟೆ ಅನ್ನು! ತಗೊಂಡೆ ಅನ್ನು! ಅನ್ರಯ್ಯಾ, ನನ್ನ ತೋಳು ನೋಯ್ತಿದೆ!" ಎಂದು ಕೂಗಿದ.

"ತಗೊಂಡೆ" ಅಂದ ಇಶೆನ್‌ಕುಲ್. ಒಂದೇ ಬೆಲೆಯ ಮನುಷ್ಯ ಎರಡನೆಯ ಬೆಲೆ ಒಪ್ಪಿದ್ದನ್ನು ಅಂದೇ ನಾನು ನೋಡಿದ್ದು.

ಕುರಿ ಮಾರಿದ ನೋಟುಗಳನ್ನು ಕೊಟ್ಟ. ಒಮುರ್ಜಾಕ್ ಅದರಲ್ಲಿ ಐನೂರು ತೆಗೆದು, "ಇದು ನನ್ನ ಮೊಮ್ಮಗನ ತಾತನಿಗೆ" ಎಂದು ಅವನ ಜೇಬಿಗೆ ತುರುಕಿದ. ಇಶೆನ್‌ಕುಲ್ ದೇವರು ಒಳ್ಳೇದು ಮಾಡಲಿ ಅಂದ. ಮುದುಕ ಅಂಗೈ ಬಿಡಿಸಿ ಬಾತಾ ಎಂಬ ಹರಕೆ ಹೇಳಿದ: ಕೊಂಡವನ ಕೈಗೆ ಕೆಲಸ ಸಿಗಲಿ, ಮಾರಿದವನ ಮನೆ ತುಂಬಲಿ, ಎರಡೂ ಮನೆಯ ನಂಟು ಉಳಿಯಲಿ. ಎಲ್ಲರೂ ಒಮಿನ್ ಎಂದು ಮುಖದ ಮೇಲೆ ಕೈಯಾಡಿಸಿಕೊಂಡರು. ಬಾತಾ ಆದ ಮೇಲೆ ವ್ಯಾಪಾರ ಮುಗಿದಂತೆ. ಮತ್ತೆ ಅದನ್ನು ಎತ್ತುವವನನ್ನು ನಮ್ಮಲ್ಲಿ ಮನುಷ್ಯ ಎಂದು ಎಣಿಸುವುದಿಲ್ಲ.

ಊಟ ಮುಗಿಸಿ ಹೊರಬಂದೆವು. ನಮಗೆ ಕಟ್ಟಿಕೊಡಲು ಮಾಂಸ ತರುತ್ತೇನೆಂದು ಒಮುರ್ಜಾಕ್ ಒಳಗೆ ಹೋದ. ನಾನು ಕಾರು ಚಾಲೂ ಮಾಡುತ್ತಿದ್ದೆ. ಹಿಂದಿನ ಬಾಗಿಲು ತೆರೆಯಿತು. ಅನಾರಾ ಕೂಸಿಗೆ ಕೋಟು ಟೋಪಿ ಹಾಕಿ ಎತ್ತಿಕೊಂಡು ಬಂದು, ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ನಡೀರಿ ಅಪ್ಪ."

ಗರಗಸ ಹಿಡಿದು ನಿಂತಿದ್ದ ಇಶೆನ್‌ಕುಲ್ ಕಕ್ಕಾಬಿಕ್ಕಿಯಾದ. "ಎಲ್ಲಿಗಮ್ಮ?"

"ಮನೆಗೆ. ನಿಮ್ದೇ ಅಂತ ಗೊತ್ತಾಯ್ತಲ್ಲ. ಯಾಕೆ ಹೇಳ್ಲಿಲ್ಲ?"

"ನಿನಗೋಸ್ಕರಾನೇ ಸುಮ್ನಿದ್ದೆ ಕಣೇ. ನೀನು ಇದೇ ಮನೇಲಿ ಬಾಳ್ಬೇಕಲ್ಲ."

"ಬಾಳೋಕಾಗಲ್ಲ ಅಂತಾನೇ ಫೋನ್ ಮಾಡಿದ್ದು" ಅಂದಳು. ದನಿ ಎತ್ತಲಿಲ್ಲ. "ನನ್ನ ಹೊಡೆದ್ರೆ ನೀವೆಲ್ಲ ಕೂತು ಊಟ ಮಾಡಿ ವಾಪಸ್ ಕಳಿಸ್ತೀರಿ. ಕಳ್ಳನ ಮನೆಗೆ ಮಾತ್ರ ಯಾರೂ ಮಗಳನ್ನ ಕಳಿಸಲ್ಲ ಅಂದ್ಕೊಂಡಿದ್ದೆ. ಈಗ್ಲಾದ್ರೂ ಹೇಳಿ ಅಪ್ಪ. ಒಳಗೆ ಹೋಗಿ ಹೇಳಿ ಬನ್ನಿ."

"ಬಾತಾ ಆಗ್ಹೋಯ್ತಲ್ಲ ಮಗಳೇ. ದೋಷ ಇಲ್ಲ ಅಂತ ನಾನೇ ಎಲ್ಲರ ಮುಂದೆ ಹೇಳಿದೀನಿ. ಈಗ ಕಳ್ಳಮಾಲು ಅಂದ್ರೆ ಯಾರು ನಂಬ್ತಾರೆ? ಜನ ಏನಂತಾರೆ?"

"ಅನ್ಲಿ ಬಿಡಣ್ಣ!" ನಾನು ತಡೆಯಲಾರದೆ ಕಿರುಚಿದೆ. "ಹತ್ತು, ಹೊರಟುಬಿಡೋಣ."

"ನೀನು ಸುಮ್ನಿರು ಕೆನೆಶ್." ಅವನು ಕಾರಿನ ಬಾಗಿಲನ್ನು ಪೂರ್ತಿ ತೆರೆದು ಹಿಡಿದ. "ಚಳಿ ಕಳೀಲಿ, ಹಿರಿಯರನ್ನ ಕರ್ಕೊಂಡು ಬರ್ತೀನಿ. ಕ್ರಮವಾಗಿ ಮಾತಾಡೋಣ. ಇವತ್ತು ಹಿಂಗೆ ಹೋದ್ರೆ ಚೆನ್ನಾಗಿರಲ್ಲ. ಇಳಿ ಪುಟ್ಟಿ."

ಚಳಿ ಕಳೆದು, ಬೇಸಿಗೆ ಕಳೆದು, ಈಗ ಮತ್ತೆ ಹಿಮ ಬೀಳುವ ಹೊತ್ತು ಬಂದಿದೆ. ಹಿರಿಯರು ಇನ್ನೂ ಹೊರಟಿಲ್ಲ.

ಅಂದು ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಕೂಸನ್ನು ಎಡಗೈಲೇ ಎತ್ತಿಕೊಂಡು ಇಳಿದಳು. ಅಷ್ಟರಲ್ಲಿ ಒಮುರ್ಜಾಕ್ ಮಾಂಸದ ಗಂಟು ಹಿಡಿದು ಬಂದ.

"ಏನಮ್ಮ ಸೊಸೆ, ಅಪ್ಪನ್ನ ಕಳಿಸೋಕೆ ಬಂದ್ಯಾ?"

"ಹೂಂ" ಅಂದಳು.

ನನ್ನ ಕಾರಿನ ಡಿಕ್ಕಿಯಲ್ಲಿ ಗ್ಯಾಸ್ ಸಿಲಿಂಡರ್ ಇದೆ, ಬೇರೇನೂ ಹಿಡಿಸುವುದಿಲ್ಲ. ಮಗಳು ಕೂತೆದ್ದ ಸೀಟಿನ ಮೇಲೆ ಗರಗಸ ಇಟ್ಟುಕೊಂಡು ನಾವಿಬ್ಬರೂ ಊರಿಗೆ ಬಂದೆವು.