ಮಧುಗಿರಿ ಬಸ್ಸಿನಲ್ಲಿ ಒಂದಾದ ಎರಡು ಕಟ್ಟು

ಅತ್ತೆಯ ಮನೆಗೆ ಹೋದರೂ ಬೆಳಗ್ಗೆ ನನಗೆ ತಾನಾಗಿಯೇ ಎಚ್ಚರವಾಗುತ್ತದೆ. ಆ ಸೋಮವಾರವೂ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸಿ, ಚಿಕ್ಕದೊಂದು ರಂಗೋಲಿ ಎಳೆದೆ. ಅತ್ತೆ ಹಾಲು ಕರೆದು ತಂದರು, ನಾನು ಕಾಫಿ ಸೋಸಿದೆ. ಬಲಸಮುದ್ರದ ಕಡೆ ಸೋಲಾರ್ ಹಲಗೆಗಳು ಇನ್ನೂ ಬೂದು ಬೂದಾಗಿದ್ದವು. ಬಿಸಿಲು ಬಿದ್ದ ಮೇಲೆ ಅತ್ತ ಕಣ್ಣು ಹಾಯಿಸಲಾಗುವುದಿಲ್ಲ. ಅವು ಹೊಳೆಯುವ ಮುಂಚೆಯೇ ಕಡಲೆಕಾಯಿ ಹೊಲಕ್ಕೆ ಹೋಗಿ ಗಿಡ ಕಿತ್ತು ತರಬೇಕಿತ್ತು.

ಪಿಯುಸಿ ಆದ ಕೂಡಲೇ ಮದುವೆಯಾದವಳು ನಾನು. ಮಗಳು ಹೈಸ್ಕೂಲು ಸೇರಿದ ವರ್ಷ ನಾವಿರುವ ಮಧುಗಿರಿಯ ಕಾಲೇಜಿನಲ್ಲೇ ಬಿ.ಎಸ್ಸಿ.ಗೆ ಸೇರಿ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದುತ್ತ ಕೊನೆಯ ವರ್ಷಕ್ಕೆ ಬಂದಿದ್ದೆ. ಅವತ್ತು ಒಬ್ಬ ವಿಜ್ಞಾನಿ ಮೇಡಂ ಕಾಲೇಜಿಗೆ ಬರುವವರಿದ್ದರು. ನಮ್ಮ ಪ್ರಾಜೆಕ್ಟುಗಳನ್ನು ನೋಡಿ, ಶಿರಾ ದಾರಿಯಲ್ಲಿರುವ ಬೀಜ ಮತ್ತು ಮಣ್ಣಿನ ಪ್ರಯೋಗಾಲಯಕ್ಕೆ ಇಬ್ಬರನ್ನು ಆರು ತಿಂಗಳ ತರಬೇತಿಗೆ ಆರಿಸುತ್ತಾರಂತೆ. ಅಲ್ಲಿ ಕಲಿತವರಿಗೆ ಲ್ಯಾಬ್ ಕೆಲಸ ಸಿಗುವುದು ಕಷ್ಟವಲ್ಲ. ಆ ಇಬ್ಬರಲ್ಲಿ ಒಬ್ಬಳು ನಾನಾಗಬೇಕೆಂಬ ಆಸೆಯನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹಿಂದಿನ ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರಲಿಲ್ಲ.

ನನ್ನ ಪ್ರಾಜೆಕ್ಟು ಕಡಲೆಕಾಯಿ ಗಿಡದ ಬೇರು. ಬೇರಿನ ಮೇಲೆ ಸಾಸಿವೆ ಕಾಳಿನಷ್ಟು ಗಂಟುಗಳಿರುತ್ತವೆ. ಅವುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಊಟ ಮಾಡಿಕೊಡುತ್ತವೆ. ಚೆನ್ನಾಗಿ ದುಡಿಯುವ ಗಂಟನ್ನು ಬ್ಲೇಡಿನಿಂದ ಸೀಳಿದರೆ ಒಳಗೆ ನಸುಗೆಂಪು, ನಮ್ಮ ವಸಡಿನ ಬಣ್ಣ. ಅದನ್ನು ಮೊದಲ ಸಲ ನೋಡಿದ ದಿನ ಮನೆಗೆ ಬಂದು ಮಗಳಿಗೂ ಸೀಳಿ ತೋರಿಸಿ, ಒಲೆ ಮೇಲಿದ್ದ ಸಾರನ್ನು ಮರೆತಿದ್ದೆ.

ಬಿತ್ತನೆಯ ಹೊತ್ತಿಗೆ ಒಂದು ಪಟ್ಟಿ ಹೊಲಕ್ಕೆ ಬೀಜವನ್ನು ಹಾಗೇ ಹಾಕಿದ್ದೆ. ಪಕ್ಕದ ಪಟ್ಟಿಗೆ ಅದೇ ಸೂಕ್ಷ್ಮಜೀವಿಗಳಿರುವ ಕಪ್ಪು ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಸವರಿ ಬಿತ್ತಿದ್ದೆ. ಅತ್ತೆ ಆಗಲೇ ಪಕ್ಕದ ಹೊಲದವಳಿಗೆ ಕೂಗಿ ಹೇಳಿದ್ದರು, "ಬೀಜಕ್ಕೆ ಪಾನಕ ಕುಡಿಸ್ತಾವ್ಳೆ ಕಣೇ ನನ್ ಸೊಸೆ. ಮೊಳಕೆ ಬಂದ್ಮೇಲೆ ಕಾಫಿನೂ ಕೊಟ್ಟಾಳು."

ಪುಡಿ ಸವರಿದ ಪಟ್ಟಿಯ ಗಿಡಗಳಿಗೆ ಕೆಂಪು ಬಟ್ಟೆ, ಇನ್ನೊಂದಕ್ಕೆ ಬಿಳಿ ಬಟ್ಟೆ ಸುತ್ತಿ ಎರಡು ಕಟ್ಟು ಮಾಡಿ ಒದ್ದೆ ಗೋಣಿಯಲ್ಲಿಟ್ಟೆ. ಪಾವಗಡದಲ್ಲಿ ಮಧುಗಿರಿ ಬಸ್ಸು ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರು ಗೋಣಿಯನ್ನು ಮುಂದೆ ಡ್ರೈವರ್ ಪಕ್ಕ ಇಟ್ಟ. ನನಗೆ ಸೀಟು ಸಿಕ್ಕಿದ್ದು ಹಿಂದೆ. ಕಣ್ಣು ಮುಚ್ಚಿ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡುತ್ತ ಕೂತೆ.

ನಮ್ಮ ಕಡೆ ಬಸ್ಸಿನಲ್ಲಿ ಹಸಿ ಕಡಲೆಗಿಡ ಬಂದರೆ ಅದು ಎಲ್ಲರದೂ ಎಂದೇ ಲೆಕ್ಕ. ಕೇಳಿ ಕೀಳುವವರೂ ಇಲ್ಲ, ಬೇಡವೆನ್ನುವವರೂ ಇಲ್ಲ. ಅದು ನನಗೆ ನೆನಪಾದದ್ದು ಮಿಡಿಗೇಶಿ ದಾಟಿದ ಮೇಲೆ, ಮುಂದಿನಿಂದ ಸಿಪ್ಪೆ ಒಡೆಯುವ ಚಟಪಟ ಸದ್ದು ಕೇಳಿದಾಗ. ಜನರ ನಡುವೆ ತೂರಿಕೊಂಡು ಹೋಗಿ ನೋಡಿದರೆ ಗೋಣಿ ಬಿಚ್ಚಿತ್ತು. ಡ್ರೈವರ್ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಕಾಯಿ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಡಿಲಲ್ಲಿ ಸಿಪ್ಪೆ ತುಂಬಿಕೊಂಡಿದ್ದ ಅಜ್ಜಿಯೊಬ್ಬಳು ನನ್ನನ್ನು ನೋಡಿ ನಕ್ಕಳು.

"ನಿಂದೇನಮ್ಮಾ? ಚಾಲಾ ಬಾಗುನ್ನಾಯಿ, ಬಲು ಚೆನ್ನಾಗವೆ, ಜೇನು ಇದ್ದಂಗವೆ. ಇಕೋ, ನೀನೂ ತಿನ್ನು."

"ಅಜ್ಜಿ, ಎರಡು ಕಟ್ಟು ಇತ್ತಲ್ಲ?"

"ಎರಡ್ಯಾಕೆ? ಒಂದೇ ಮಾಡಿ ಬಿಗಿಯಾಗಿ ಕಟ್ಟೀನಿ ನೋಡು. ಬೇರಿನ ಮಣ್ಣೂ ಕೊಡವೀನಿ. ಎತ್ಕೊಂಡು ಹೋಗಕ್ಕೆ ಹಗುರಾಗ್ತೈತೆ."

ಕೆಂಪು ಬಟ್ಟೆ, ಬಿಳಿ ಬಟ್ಟೆ ಎರಡನ್ನೂ ಸೇರಿಸಿ ಗಂಟು ಹಾಕಿ ಎಲ್ಲ ಗಿಡಗಳನ್ನೂ ಒಂದೇ ಹೊರೆ ಮಾಡಿದ್ದಳು. ಯಾವ ಗಿಡ ಯಾವ ಪಟ್ಟಿಯದೆಂದು ಇನ್ನು ದೇವರೇ ಹೇಳಬೇಕು. ಚಿಕ್ಕಂದಿನಲ್ಲಿ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಎಲ್ಲದಕ್ಕೂ ಥ್ಯಾಂಕ್ಸ್ ಹೇಳುವುದನ್ನು ಕಲಿಸಿದ್ದಾರೆ. ಅಜ್ಜಿಗೂ ಥ್ಯಾಂಕ್ಸ್ ಹೇಳಿ, ಅವಳು ಕೊಟ್ಟ ಕಾಯಿಯನ್ನೂ ತಿಂದೆ. ನಿಜವಾಗಿಯೂ ಸಿಹಿಯಾಗಿತ್ತು.

ಕಾಲೇಜು ಮುಟ್ಟಿದಾಗ ಕೊರಟಗೆರೆಯ ಹುಡುಗಿಯೊಬ್ಬಳು ದೊಡ್ಡ ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದಳು. ಆಮೇಲೆ ನನ್ನ ಸರದಿ. ಮೇಡಂ ನನಗಿಂತ ಚಿಕ್ಕವರು, ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಬಾಯಿಪಾಠ ಮಾಡಿದ್ದೆಲ್ಲ ಬಿಟ್ಟು ಬಸ್ಸಿನಲ್ಲಿ ನಡೆದದ್ದನ್ನೇ ಹೇಳಿದೆ. ತರಗತಿ ನಗತೊಡಗಿತು. ಮೇಡಂ ನಗಲಿಲ್ಲ.

"ಹಾಗಾದರೆ ಯಾವುದು ಯಾವುದೆಂದು ನಿಮಗೇ ಗೊತ್ತಿಲ್ಲ?"

"ಗೊತ್ತಿಲ್ಲ ಮೇಡಂ. ಆದರೆ ಪುಡಿ ಕೆಲಸ ಮಾಡಿದ್ದರೆ ಬೇರುಗಳೇ ಹೇಳಬೇಕಲ್ಲವೇ? ಗಂಟು ಸೀಳಿ ನೋಡಿ ಬೇರೆ ಬೇರೆ ಮಾಡಲೇ?"

ಅವರು ಬ್ಲೇಡು ಕೊಟ್ಟರು. ಸೊಪ್ಪು ಬಿಡಿಸುವ ಹಾಗೆ ಲ್ಯಾಬಿನ ನೆಲದ ಮೇಲೇ ಕಾಗದ ಹಾಸಿಕೊಂಡು ಕೂತೆ. ಒಂದೊಂದೇ ಗಿಡ ತೆಗೆದು, ಬೇರು ಸವರಿ, ಗಂಟು ಸೀಳಿದೆ. ಮೊದಲನೆಯದು ನಸುಗೆಂಪು. ಎರಡನೆಯದೂ ನಸುಗೆಂಪು. ತುಂಬ ಗಂಟಿರುವುದನ್ನು ಬಲಕ್ಕೆ, ಕಡಿಮೆಯದನ್ನು ಎಡಕ್ಕೆ ಹಾಕೋಣವೆಂದರೆ ಎಡಕ್ಕೆ ಹಾಕಲು ಏನೂ ಸಿಗುತ್ತಿಲ್ಲ. ಸೀಳಿದಷ್ಟೂ ಕೆಂಪು. ಹೆದರಿಕೆ ಯಾವಾಗಲೋ ಹೋಗಿತ್ತು. ಎಲ್ಲ ಗಿಡಗಳೂ ಸೇರಿ ನನಗೇನೋ ಹೇಳುತ್ತಿವೆ, ಅದು ಪುಸ್ತಕದಲ್ಲಿಲ್ಲ, ಮೊದಲು ಕೇಳಿಸಿಕೊಳ್ಳುತ್ತಿರುವವಳು ನಾನೇ ಅನ್ನಿಸಿ ಇನ್ನೊಂದು ಗಂಟು ಸೀಳಿದೆ.

"ಎರಡು ರಾಶಿ ಆಗುತ್ತಿಲ್ಲ ಮೇಡಂ. ಎಲ್ಲವೂ ಒಂದೇ ಥರ ಇವೆ. ನನ್ನ ಪುಡಿ ಏನೂ ಮಾಡಿಲ್ಲ ಅನ್ನಿಸುತ್ತದೆ. ನಮ್ಮ ಮಣ್ಣಿನಲ್ಲಿ ಆ ಜೀವಿಗಳು ಮೊದಲೇ ಇದ್ದವೇನೋ. ವರ್ಷ ವರ್ಷವೂ ಕಡಲೆಕಾಯಿ ಬೆಳೆಯುವ ಹೊಲ ಅದು."

"ಕಟ್ಟುಗಳು ಹಾಗೇ ಇದ್ದಿದ್ದರೆ ಏನು ಹೇಳುತ್ತಿದ್ದಿರಿ?"

"ಕೆಂಪು ಬಟ್ಟೆಯದೇ ಚೆನ್ನಾಗಿದೆ ಅಂತಿದ್ದೆ. ಅದೇ ಚೆನ್ನಾಗಿ ಕಾಣಿಸುತ್ತಿತ್ತು ಕೂಡ."

ಮೇಡಂ ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ಒಂದು ಬೇರು ಎತ್ತಿ ಬೆಳಕಿಗೆ ಹಿಡಿದು, "ಹೊಲ ಇನ್ನೂ ಕಿತ್ತಿಲ್ಲ ತಾನೆ?" ಎಂದರು. ಇಲ್ಲವೆಂದೆ. "ಕೀಳಿಸಬೇಡಿ. ಗುರುವಾರ ಬರುತ್ತೇನೆ. ನೀವು ನೋಡದ ಹಾಗೆ ನಾನು ಕೀಳುತ್ತೇನೆ, ಯಾವ ಪಟ್ಟಿಯದೆಂದು ಗೊತ್ತಾಗದ ಹಾಗೆ ನೀವು ಗಂಟು ಎಣಿಸಿ. ಆಮೇಲೆ ಮಾತಾಡೋಣ, ಮಣ್ಣಲ್ಲಿ ಏನಿದೆ ಅಂತ."

ಸಂಜೆ ನಾಲ್ಕಕ್ಕೆ ವಿಭಾಗದ ಮುಖ್ಯಸ್ಥರು ಎರಡು ಹೆಸರು ಓದಿದರು. ಮೊದಲನೆಯದು ಕೊರಟಗೆರೆಯ ಹುಡುಗಿಯದು. ಎರಡನೆಯದು ನನ್ನದು. ಆ ಹುಡುಗಿ ಓಡಿಬಂದು, "ಆಂಟಿ, ದಿನಾ ಒಂದೇ ಬಸ್ಸಲ್ಲಿ ಹೋಗೋಣ" ಎಂದು ಕೈ ಹಿಡಿದುಕೊಂಡಳು. ಅವಳ ಅಂಗೈಯೂ ನನ್ನದರಷ್ಟೇ ಬೆವತಿತ್ತು.

ಕಾಲೇಜಿನ ಗೇಟಿನಿಂದಲೇ ಅತ್ತೆಗೆ ಫೋನು ಮಾಡಿದೆ.

"ಅಯ್ಯೋ, ಬುಧವಾರ ಕೀಳಕ್ಕೆ ಆಳು ಹೇಳ್ಬುಟ್ಟಿದ್ದೆ ಕಣಮ್ಮ. ಬುಡು, ನಿನ್ ಪಾನಕದ ಪಟ್ಟಿ, ಅದರ ಪಕ್ಕದ್ದು ಬಿಟ್ಟು ಮಿಕ್ಕಿದ್ದು ಕೀಳುಸ್ತೀನಿ. ಆ ಮೇಡಮ್ಮು ಊಟಕ್ಕೆ ಮುದ್ದೆ ತಿಂತಾರೋ, ಅನ್ನ ಮಾಡ್ಬೇಕೋ ಕೇಳು."

ಮನೆ ತಲುಪಿದಾಗ ಎದುರು ಮನೆಯವರು ಜಗಲಿಯ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ನನ್ನ ಮುಖ ನೋಡಿಯೇ ಏನೋ ಇದೆ ಎಂದುಕೊಂಡರೇನೋ, ಕತ್ತೆತ್ತಿದರು. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ, ಬೀದಿಯಲ್ಲೇ ನಿಂತು ಎಲ್ಲ ಹೇಳಿದೆ. ಆರು ತಿಂಗಳು, ದಿನಾ ಬೆಳಗ್ಗೆ ಹೋದರೆ ಸಂಜೆಯೇ ಬರುವುದು, ಬಿಳಿ ಕೋಟು ಅವರೇ ಕೊಡುತ್ತಾರೆ ಎಂದೆ. ಅವರು ಇನ್ನೊಂದು ಹುರುಳಿಕಾಯಿ ಮುರಿದು, ನಾರು ಎಳೆದು ಪಕ್ಕಕ್ಕೆ ಹಾಕಿದರು.

"ಅಂಗಾರೆ ಗ್ಯಾಸಿನೋನು ಬಂದ್ರೆ ನಿಮ್ ಸಿಲಿಂಡ್ರು ನಮ್ಮನೇಲೇ ಇಳಿಸ್ಬುಟ್ಟು ಹೋಗು ಅಂತೀನಿ ಬುಡಮ್ಮ."