ವಕೀಲಮ್ಮ ಸೋತ ವಾದ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ವಕೀಲಮ್ಮನೆಂದೇ ಹೆಸರು. ಕ್ರೈಸ್ತರ ಬಗ್ಗೆ ಯಾರಾದರೂ ತುಟಿ ಬಿಚ್ಚಿದರೆ ಸಾಕು, ಒದ್ದೆ ಬೆಡ್‌ಶೀಟು ಕೈಯಲ್ಲಿದ್ದಂತೆಯೇ ವಾದಕ್ಕೆ ನಿಲ್ಲುತ್ತಿದ್ದಳು. ನಿಮಗೆ ಮೂರು ದೇವರಂತೆ ಎಂದವರಿಗೂ, ನಂಬುವವರಿಗೆ ಬುದ್ಧಿ ಓಡುವುದಿಲ್ಲ ಎಂದವರಿಗೂ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ, ಅಲ್ಲಿ ಇಸ್ತ್ರಿ ಹಾಕುವ ಅಕ್ಕ ಊಟಕ್ಕೆ ಹೋಗಿದ್ದಾಗ, ಅವಳ ಮೇಜಿನ ಮೇಲೆ ವಕೀಲಮ್ಮ ಕದ್ದುಮುಚ್ಚಿ ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕಿಕೊಂಡಳು. ಅವಸರದಲ್ಲಿ ಸ್ವಿಚ್ಚು ಆರಿಸುವುದು ಮರೆಯಿತು. ಆಪರೇಷನ್ ಕೋಣೆಯ ಒಂದು ಕಟ್ಟು ಗೌನು ಸುಟ್ಟು ಕರಕಲಾಯಿತು.

“ನಾನು ಆರಿಸೇ ಹೋಗಿದ್ದೆ ಸಾರ್,” ಎಂದು ಅಕ್ಕ ಗೋಗರೆದಳು. ಮೇಲ್ವಿಚಾರಕರು ನಂಬಲಿಲ್ಲ. ರಕ್ತದ ಬಟ್ಟೆ ಬೇರ್ಪಡಿಸುವ ಕೋಣೆಗೆ ಅವಳನ್ನು ಹಾಕಿದರು. ಊರಿಗೆಲ್ಲ ಉತ್ತರ ಕೊಡುವ ಬಾಯಿಗೆ ಅಂದು ಬೀಗ ಬಿದ್ದಿತ್ತು.

ಮೂರು ವಾರ ಕಳೆದ ಮೇಲೆ, ಚಹಾದ ಹೊತ್ತಿನಲ್ಲಿ ಅಕ್ಕನೇ ಕೇಳಿದಳು: “ಅಲ್ವೇ, ನಿಮ್ಮಲ್ಲಿ ಏನ್ ತಪ್ಪು ಮಾಡಿದ್ರೂ ಭಾನುವಾರ ದೇವರ ಮುಂದೆ ಹೇಳ್ಕೊಂಡ್ರೆ ಮುಗೀತಂತಲ್ಲ? ಒಳ್ಳೇ ಅನುಕೂಲ ಬಿಡು!”

“ಹಾಗಲ್ಲ ಅಕ್ಕ,” ಅಭ್ಯಾಸಬಲದಿಂದ ಮಾತು ಹೊರಟಿತು. “ಕ್ಷಮೆ ಪುಕ್ಕಟೆ, ನಿಜ. ಹಾಗಂತ ತಪ್ಪು ಮಾಡೋಕೆ ಪರವಾನಗಿ ಅಲ್ಲ. ಮನಸ್ಸು ನಿಜವಾಗ್ಲೂ ತಿರುಗಿದ್ರೆ, ಯಾರಿಗೆ ಅನ್ಯಾಯ ಮಾಡಿದ್ವೋ ಅವರ ಹತ್ರಾನೇ ಹೋಗಿ...”

ಮಾತು ಅಲ್ಲೇ ನಿಂತಿತು. ಲೋಟ ಹಿಡಿದಿದ್ದ ಅಕ್ಕನ ಬೆರಳುಗಳ ಚರ್ಮ ಬ್ಲೀಚಿಂಗ್ ನೀರಿಗೆ ಸುಲಿದಿತ್ತು. ಮೂರು ಭಾನುವಾರವೂ ವಕೀಲಮ್ಮ ಮೊಣಕಾಲೂರಿ ತನ್ನ ತಪ್ಪನ್ನು ದೇವರಿಗೆ ಹೇಳಿಕೊಂಡಿದ್ದಳು. ಪಕ್ಕದಲ್ಲೇ ಕೂತು ಚಹಾ ಕುಡಿಯುವ ಅಕ್ಕನಿಗೆ ಹೇಳಿರಲಿಲ್ಲ. ಜನ ಆಡಿಕೊಳ್ಳುವ ಕ್ರೈಸ್ತಳು ತಾನೇ ಆಗಿಬಿಟ್ಟಿದ್ದಳು.

“ಯಾಕೆ ನಿಲ್ಲಿಸ್ದೆ?”

“ಸ್ವಿಚ್ಚು ಆರಿಸದೆ ಹೋದೋಳು ನಾನೇ, ಅಕ್ಕ.”

ಅಕ್ಕ ಬೈಯಲಿಲ್ಲ. ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. “ನನಗೇ ಮರೆವು ಶುರುವಾಯ್ತೇನೋ ಅಂತ ಹೆದರ್ಕೊಂಡಿದ್ದೆ ಕಣೇ. ಮನೇಲಿ ಒಲೆ ಆರಿಸಿದ್ರೂ ನಾಲ್ಕು ಸಲ ಎದ್ದು ನೋಡ್ತಿದ್ದೆ.”

ಬೈದಿದ್ದರೆ ವಕೀಲಮ್ಮ ತಡೆದುಕೊಳ್ಳುತ್ತಿದ್ದಳು. ಈ ಮಾತು ಕರುಳಿಗೇ ನಾಟಿತು. ಆ ಗಳಿಗೆಯಲ್ಲೇ ಹೋಗಿ ಮೇಲ್ವಿಚಾರಕರ ಮುಂದೆ ನಿಂತು ಎಲ್ಲ ಒಪ್ಪಿಕೊಂಡಳು.

ಅಕ್ಕ ಇಸ್ತ್ರಿ ಮೇಜಿಗೆ ಮರಳಿದಳು, ಇವಳು ರಕ್ತದ ಬಟ್ಟೆಗೆ. ಜೊತೆಯವರು ಚುಚ್ಚಿದರು: “ಏನ್ ವಕೀಲಮ್ಮ, ನಿಮ್ಮ ದೇವರು ಕ್ಷಮಿಸಿದ್ನಾ?”

“ಕ್ಷಮಿಸಿದ್ದಾನೆ ಅಂತ ನಂಬಿದ್ದೀನಿ,” ಎಂದಳು. “ಅಕ್ಕನೂ ಬೇಗ ಕ್ಷಮಿಸ್ಲಿ ಅಂತ ಅವಸರ ಮಾಡೋ ಹಕ್ಕು ನನಗಿಲ್ಲ.”

ಅಂದಿನಿಂದ ಮಾತು ಬಿಟ್ಟಿದ್ದ ಅಕ್ಕ, ತಿಂಗಳು ಕಳೆದ ಮೇಲೆ ಒಂದು ದಿನ ರಕ್ತದ ಬಟ್ಟೆಯ ಕೋಣೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: “ಊಟ ಆಯ್ತಾ?”

“ಆಯ್ತು,” ಎಂದವಳು ತಕ್ಷಣ ನಾಲಿಗೆ ಕಚ್ಚಿಕೊಂಡಳು. “ಇಲ್ಲ ಅಕ್ಕ, ಸುಳ್ಳು ಹೇಳ್ದೆ. ಇನ್ನೂ ಆಗಿಲ್ಲ.”