ನೀಲಕ್ಕ ಒಪ್ಪದ ಮಾತು

ನಮ್ಮ ಬ್ಯಾಟರಾಯನಪುರದಲ್ಲಿ ಮಕ್ಕಳನ್ನು ಮನೆಪಾಠಕ್ಕೆ ಬಿಡುವಾಗ ಒಂದು ಮಾತು ಹೇಳುವ ರೂಢಿ ಇತ್ತು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು ಇಟ್ಟು ಮೇಷ್ಟರ ಮುಂದೆ ಹಿಡಿದು, “ಕಣ್ಣೆರಡು ಬಿಟ್ಟು ಇನ್ನೆಲ್ಲಿಗೆ ಬೇಕಾದ್ರೂ ಒಡೀರಿ ಸ್ವಾಮಿ, ನಾವು ಕೇಳಾಕಿಲ್ಲ” ಅನ್ನುವುದು. ಹಾಗೆ ಅನ್ನದಿದ್ದರೆ ಮೇಷ್ಟರಿಗೆ ಮರ್ಯಾದೆ ಕೊಟ್ಟ ಹಾಗಲ್ಲ. ಮನೆಗೆ ಬಂದವರಿಗೆ ಕೂತ್ಕೊಳ್ಳಿ ಅನ್ನುವಷ್ಟೇ ಸಲೀಸಾಗಿ ಅದು ಬಾಯಿಗೆ ಬರುತ್ತಿತ್ತು. ಆ ಮಾತು ಬೇಡ ಅಂದವರು ನಾನು ಕಂಡ ಹಾಗೆ ನೀಲಕ್ಕ ಒಬ್ಬರೇ. ಅವರ ವಿಷಯ ಬರೆಯುತ್ತಿದ್ದೇನೆ.

ನೀಲಕ್ಕ ಬಾದಾಮಿ ಕಡೆಯವರು. ಅವರ ಯಜಮಾನರು ನಾಗಲಿಂಗಪ್ಪನವರು ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಬೀಜದ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಎರಡು ಅಂಕಣದ ಮನೆಯೊಂದರಲ್ಲಿ ಬಾಡಿಗೆಗೆ ಇದ್ದರು. ಮದುವೆಗೆ ಮುಂಚೆ ನೀಲಕ್ಕ ತಮ್ಮ ಊರಿನ ಶಾಲೆಯಲ್ಲಿ ಪಾಠ ಹೇಳಿದ್ದರಂತೆ. ಮಕ್ಕಳಾಗಲಿಲ್ಲ. ಸಂಜೆ ಜಗಲಿಯ ಮೇಲೆ ನಾಲ್ಕಾರು ಹುಡುಗಿಯರನ್ನು ಕೂರಿಸಿಕೊಂಡು, ಮಡಿಲಲ್ಲಿ ಮೊರ ಇಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಾ ಲೆಕ್ಕ ಹೇಳಿಕೊಡುತ್ತಿದ್ದರು. ಕಡಲೆಕಾಯಿಗೆ ಅವರು ಶೇಂಗಾ ಅನ್ನುತ್ತಿದ್ದರು.

ನನಗೆ ಒಬ್ಬಳೇ ಮಗಳು, ರಾಮಲಕ್ಷ್ಮಮ್ಮ. ಅದು ನಮ್ಮ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಅನ್ನಬಾರದಾದ್ದರಿಂದ ನಾನು ರಾಮಿ ಅಂತಿದ್ದೆ. ಮನೆಯವರೆಲ್ಲ ಅದನ್ನೇ ಹಿಡಿದುಕೊಂಡರು. ನಮ್ಮ ಯಜಮಾನರು ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಆಮೇಲೆ ನಾನು ಯಲಹಂಕದ ದಾರಿಯ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋದೆ. ಚಪ್ಪರದ ಕೆಳಗೆ ಕತ್ತೆತ್ತಿ ನಿಂತು, ಗೊಂಚಲಿನಲ್ಲಿ ಕೊಳೆತ ಹಣ್ಣನ್ನು ಮಾತ್ರ ಸಣ್ಣ ಕತ್ತರಿಯಿಂದ ತೆಗೆಯುವ ಕೆಲಸ. ಪಕ್ಕದ ಹಣ್ಣಿಗೆ ಕತ್ತರಿ ತಾಗಬಾರದು.

ರಾಮಿ ಏಳನೇ ಕ್ಲಾಸಿಗೆ ಬಂದದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಏಳಕ್ಕೆ ಆಗ ಪಬ್ಲಿಕ್ ಪರೀಕ್ಷೆ. ಅವಳಿಗೆ ಲೆಕ್ಕ ಬರುತ್ತಿರಲಿಲ್ಲ. ನನ್ನ ಮೈದುನ ಚಿಕ್ಕಹನುಮಯ್ಯ ಆಗಲೇ ಹೇಳಿಬಿಟ್ಟಿದ್ದ: “ಪಾಸಾದ್ರೆ ಓದ್ಲಿ ಅತ್ಗೆ. ಫೇಲಾದ್ರೆ ನಿನ್ ಜೊತೇಲೆ ಚಪ್ಪರದ ಕೆಳೀಕೆ ಕರ್ಕೊಂಡೋಗು. ಎರಡು ವರ್ಷ ಬಿಟ್ಟು ಗಂಡು ನೋಡಾನ.” ಅವನು ಕೆಟ್ಟವನಲ್ಲ. ನಮ್ಮ ಮನೆಗೆ ರಾಗಿ ಬರುತ್ತಿದ್ದದ್ದು ಅವನ ಗಾಡಿಯಲ್ಲೇ. ಅದಕ್ಕೇ ಅವನ ಮಾತಿಗೆ ಎದುರಾಡುವ ಹಾಗಿರಲಿಲ್ಲ.

ಮೊದಲು ಪಕ್ಕದ ಊರಿನ ಒಬ್ಬ ಮೇಷ್ಟರ ಹತ್ತಿರ ಬಿಟ್ಟೆ. ತಟ್ಟೆ ಹಿಡಿದು ಆ ಮಾತೂ ಹೇಳಿದೆ. ಅವರು ತಪ್ಪಿಗೊಂದರಂತೆ ಹೊಡೆಯುವವರು. ಕೈ ಮುಷ್ಟಿ ಮಾಡಿ ಚಾಚಬೇಕು, ಗೆಣ್ಣಿನ ಮೇಲೆ ಅಡಿಪಟ್ಟಿಯನ್ನು ನಿಲ್ಲಿಸಿ ಹೊಡೆಯುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ರಾಮಿ ಲೆಕ್ಕ ಕಲಿಯಲಿಲ್ಲ, ಮಾತು ಬಿಟ್ಟಳು. “ಸಾರಿಗೆ ಉಪ್ಪು ಹಾಕ್ದ್ಯಾ?” ಅಂತ ಕೇಳಿದರೂ ನನ್ನ ಮುಖ ನೋಡುವ ಬದಲು ಕೈ ನೋಡುತ್ತಿದ್ದಳು. ಅಲ್ಲಿಂದ ಬಿಡಿಸಿ, ಕಾಲೇಜಿಗೆ ಹೋಗುವ ಒಬ್ಬ ಹುಡುಗನನ್ನು ಮನೆಗೇ ಬರಮಾಡಿಕೊಂಡೆ. ಅವನು ಪಾಪ ಮೆತ್ತಗಿನವನು. ಮನೆಲೆಕ್ಕವನ್ನೆಲ್ಲ ತಾನೇ ಮಾಡಿಕೊಟ್ಟು ಹೋಗುತ್ತಿದ್ದ. ಪುಸ್ತಕದ ತುಂಬ ಸರಿ ಗುರುತು. ಅರ್ಧ ವರ್ಷದ ಪರೀಕ್ಷೆಯಲ್ಲಿ ಲೆಕ್ಕಕ್ಕೆ ಸೊನ್ನೆ.

ತೋಟದಲ್ಲಿ ನನ್ನ ಜೊತೆ ಕೆಲಸ ಮಾಡುವ ಗೋಪಾಲಮ್ಮ ಅಂದಳು: “ಆ ಸೇಂಗಾ ಅಮ್ಮನ ತಾವ ಬಿಡು. ಒಡೆಯಾಕಿಲ್ವಂತೆ ಅನ್ನೋದೊಂದೇ ಕೊರತೆ.”

“ಒಡೀದಿದ್ರೆ ಎಂಗೆ ಕಲೀತಾವೆ?”

“ನನ್ನ ಕೇಳ್ತೀಯಾ? ನಾನು ಒಡೆಸ್ಕೊಂಡೂ ಕಲೀಲಿಲ್ಲ.”

ಶುಕ್ರವಾರ ರಾಮಿಯನ್ನು ಕರೆದುಕೊಂಡು ಹೋದೆ. ನೀಲಕ್ಕ ಮೊರ ಕೆಳಗಿಟ್ಟು ಎದ್ದು ಬಂದರು. ನಾನು ತಟ್ಟೆ ಹಿಡಿದೆ, ಮಾತು ತನ್ನಷ್ಟಕ್ಕೆ ತಾನೇ ಬಂತು: “ಕಣ್ಣೆರಡು ಬಿಟ್ಟು...”

ಅವರು ತಟ್ಟೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಆ ಮಾತ ವಾಪಸ್ ತಗೋರಿ ಅಕ್ಕಾರ.”

“ಯಾವ ಮಾತಮ್ಮ?”

“ಈಗ ಅಂದ್ರಲ್ಲ, ಅದು. ಕಣ್ಣು ಬಿಟ್ರ ಉಳಿದದ್ದು ಯಾರ್ದ್ರೀ? ಬೆನ್ನು ಯಾರ್ದು, ಕೈ ಯಾರ್ದು? ಕೂಸಿಂದ. ಅದರ ಮೈ ನನಗ ಕೊಡಾಕ ನೀವ್ಯಾರು, ಇಸ್ಕೊಳ್ಳಾಕ ನಾನ್ಯಾರು?”

“ಮರ್ಯಾದೆಗೆ ಅಂತಾರಮ್ಮ, ಎಲ್ರೂ ಅಂತಾರೆ.”

“ಎಲ್ರೂ ಅಂತಾರ, ಗೊತ್ತೈತಿ. ಈಕಿ ಅದನ್ನ ಕೇಳಿಸ್ಕೊಂಡಾಳ. ವಾಪಸ್ ತಗೊಂಡದ್ದನ್ನೂ ಈಕೀನ ಕೇಳಿಸ್ಕೋಬೇಕು. ನನಗಲ್ಲ, ಮಗಳಿಗೆ ಹೇಳ್ರಿ. ಆಮ್ಯಾಲೆ ನಾಳೆಯಿಂದ ಕಳಸ್ರಿ.”

ಹೆತ್ತ ಮಗಳ ಮುಂದೆ ಹೀಗೆ ಹೇಳುವುದನ್ನು ನಾನು ಯಾರ ಮನೆಯಲ್ಲೂ ಕಂಡಿರಲಿಲ್ಲ. ಗುರುವಿಗೆ ಆಡಿದ ಮಾತನ್ನು ಹಿಂದಕ್ಕೆ ತಗೊಂಡರೆ ಇರುವ ವಿದ್ಯೆಯೂ ಹೋದೀತು ಅಂತ ಭಯವಾಯಿತು. ತಟ್ಟೆ ಹಿಡಿದುಕೊಂಡೇ ಮನೆಗೆ ಬಂದೆ. ದಾರಿಯಲ್ಲಿ ಗೋಪಾಲಮ್ಮನ ಸೊಸೆ, “ಏನ್ ದೊಡ್ಡಮ್ಮ, ಬಾಳೆಹಣ್ಣು ತಗೊಳ್ಳಿಲ್ವಾ ಟೀಚರಮ್ಮ?” ಅಂತ ನಕ್ಕಳು.

ಸಂಕ್ರಾಂತಿ ಕಳೆಯಿತು. ಚಿಕ್ಕಹನುಮಯ್ಯ ತೋಟದ ಮೇಸ್ತ್ರಿಗೆ ರಾಮಿಯ ಹೆಸರು ಹೇಳಿ ಇಟ್ಟಿದ್ದ. ಒಂದು ಸಂಜೆ ನಾನು ಗೂಡಿನಿಂದ ಸೀಮೆಎಣ್ಣೆ ಬುಡ್ಡಿ ತೆಗೆಯಲು ಕೈ ಎತ್ತಿದೆ. ರಾಮಿ ಹತ್ತಿರದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನನ್ನ ಕೈ ಮೇಲಕ್ಕೆ ಹೋದದ್ದನ್ನು ಕಂಡವಳೇ ಕಾಯಿ ಬಿಟ್ಟು, ಬಲಗೈ ಮುಷ್ಟಿ ಮಾಡಿ, ಗೆಣ್ಣು ಮೇಲಾಗಿ ನನ್ನ ಮುಂದೆ ಚಾಚಿದಳು. ಅಳಲಿಲ್ಲ. ಸುಮ್ಮನೆ ಕಾಯುತ್ತಿದ್ದಳು.

ಬುಡ್ಡಿ ಕೆಳಗಿಟ್ಟೆ. ಅವಳ ಮುಷ್ಟಿಯನ್ನು ಬಿಡಿಸಲು ನೋಡಿದೆ. ಬೆರಳು ಬಿಗಿಯಾಗಿದ್ದವು.

ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆ ಹೋಗದೆ ಅವಳನ್ನು ನೀಲಕ್ಕನ ಜಗಲಿಗೆ ಕರೆದುಕೊಂಡು ಹೋದೆ. ಈ ಸಲ ತಟ್ಟೆ ಒಯ್ಯಲಿಲ್ಲ. ನಾಗಲಿಂಗಪ್ಪನವರು ಕೆಲಸಕ್ಕೆ ಹೊರಟಿದ್ದವರು ಪಕ್ಕಕ್ಕೆ ಸರಿದು ನಿಂತರು. ನಾನು ಮಗಳ ಕಡೆ ತಿರುಗಿ ಅಂದೆ:

“ರಾಮೀ, ನಿನ್ನ ಒಡೀರಿ ಅಂತ ನಾನು ಏಳಿದ್ನಲ್ಲ, ಆ ಮಾತು ಈಗ ಇಲ್ಲ. ಯಾರಿಗೂ ಇಲ್ಲ. ಮೇಷ್ಟ್ರಿಗೂ ಇಲ್ಲ, ನಿಮ್ಮ ಚಿಕ್ಕಪ್ಪಂಗೂ ಇಲ್ಲ, ನಂಗೂ ಇಲ್ಲ.”

ಅವಳು ತಲೆ ಎತ್ತಲಿಲ್ಲ. ನೀಲಕ್ಕ ಮಾತ್ರ ಅವಳ ಪುಸ್ತಕದ ಮೇಲಿದ್ದ ಹೆಸರು ಓದಿ, “ಒಳಗ ಬಾ ರಾಮಲಕ್ಷ್ಮಮ್ಮ” ಅಂದರು. ಪೂರ್ತಿ ಹೆಸರು ಹಿಡಿದು ಅವಳನ್ನು ಕರೆದವರು ಶಾಲೆಯ ಹೊರಗೆ ಅವರೇ ಮೊದಲು.

ಅವರ ಪಾಠದ ರೀತಿ ಬೇರೆ. ಉತ್ತರ ತಪ್ಪಾದರೆ ತಪ್ಪು ಅನ್ನುತ್ತಿರಲಿಲ್ಲ, ಸರಿಯಾದರೆ ಭೇಷ್ ಅನ್ನುತ್ತಲೂ ಇರಲಿಲ್ಲ. ಎರಡಕ್ಕೂ ಒಂದೇ ಪ್ರಶ್ನೆ: “ಹೆಂಗ ಬಂತು? ಬಂದ ದಾರಿ ತೋರ್ಸು.” ರಾಮಿ ಬಹಳ ದಿನ ಬಾಯಿ ಬಿಡಲಿಲ್ಲ. ನೀಲಕ್ಕ ಕಡಲೆಕಾಯಿ ಸುಲಿಯುತ್ತಾ ಕಾಯುತ್ತಿದ್ದರು. ನಾನು ಒಮ್ಮೆ ತಡೆಯಲಾರದೆ, “ದಿನಾ ಎಷ್ಟು ಸುಲೀತೀರಮ್ಮ?” ಅಂದೆ.

“ಕೈ ಖಾಲಿ ಇದ್ರ ಹೊಡೀಲಿಕ್ಕೆ ಹೋಗ್ತಾವ್ರಿ. ಅದಕ್ಕ ಉದ್ಯೋಗ ಕೊಟ್ಟೀನಿ” ಅಂದರು. ನಗುತ್ತಲೇ ಅಂದರು, ಆದರೆ ಕಣ್ಣು ಮೊರದ ಮೇಲಿತ್ತು. ಅವರಿಗೂ ಸಿಟ್ಟು ಬರುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಯಾಕೆ ಏನು ಅಂತ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಪರೀಕ್ಷೆಗೆ ಹದಿನೈದು ದಿನ ಇದ್ದಾಗ ಚಿಕ್ಕಹನುಮಯ್ಯ ಗಾಡಿಯನ್ನು ನೇರ ಅವರ ಮನೆ ಮುಂದೆ ತಂದು ನಿಲ್ಲಿಸಿದ. ಮೇಸ್ತ್ರಿ ಆಳು ಬೇಕು ಅಂತ ಅವಸರ ಮಾಡುತ್ತಿದ್ದನಂತೆ. ಬಾರುಕೋಲು ಕೈಯಲ್ಲೇ ಇತ್ತು. ನಾನೂ ಅಲ್ಲೇ ಇದ್ದೆ.

“ಟೀಚರಮ್ಮ, ಒಡೀದೆ ಕಲಿಸ್ತೀರಂತಲ್ಲ. ಎತ್ತೇ ಕೇಳಾಕಿಲ್ಲ ಕಣ್ರೀ, ಮಕ್ಕಳು ಕೇಳ್ತಾವಾ? ಒಂದು ಲೆಕ್ಕ ಕೇಳ್ತೀನಿ. ಬಂದ್ರೆ ಪರೀಕ್ಷೆಗೆ ಕೂತ್ಕೊಳ್ಲಿ, ಬರದಿದ್ರೆ ನಾಳೇನೇ ತೋಟಕ್ಕೆ.”

“ಕೇಳ್ರಿ” ಅಂದರು ನೀಲಕ್ಕ. ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಅದಿನೇಳು ಬುಟ್ಟಿ ದ್ರಾಕ್ಷಿ. ಬುಟ್ಟಿಗೆ ಒಂಬತ್ತು ಕೆ.ಜಿ. ಮೂರರಲ್ಲಿ ಒಂದು ಪಾಲು ಕೊಳೆತೋಯ್ತು. ಉಳಿದದ್ದೆಷ್ಟು?”

ರಾಮಿ ಮೊದಲು ಬಾರುಕೋಲು ನೋಡಿದಳು. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದಳು. ಬರೆದು, ಅಲ್ಲಿಗೇ ಕೈ ನಿಂತಿತು. ಜಗಲಿಯ ಬೇರೆ ಹುಡುಗಿಯರೂ ಬರೆಯುವುದು ಬಿಟ್ಟರು.

“ಏನಾಯ್ತು? ಬಂದಿಲ್ವಾ?” ಅಂದ ಮೈದುನ.

ರಾಮಿ ತಲೆ ಎತ್ತಿ ಅವನ ಮುಖ ನೋಡಿದಳು. “ತಡಿ ಚಿಕ್ಕಪ್ಪ. ನೂರಾ ಅರವತ್ತಮೂರು ಬಂದೈತೆ. ಅದು ಮೂರು ಪಾಲಾಗ್ತಿಲ್ಲ, ಒಂದು ಉಳೀತೈತೆ. ಎಲ್ಲೋ ತಪ್ಪಿದ್ದೀನಿ.”

ತಪ್ಪಿದ್ದೀನಿ ಅಂದಳು. ಬಾರುಕೋಲು ಹಿಡಿದು ನಿಂತವನ ಮುಂದೆ, ಯಾರೂ ಕೇಳದೆ, ತಾನೇ ಅಂದಳು. ನೀಲಕ್ಕನ ಕೈಯಲ್ಲಿ ಕಾಯಿ ಹಾಗೇ ನಿಂತಿತು.

“ದಾರಿ ನೋಡ್ಕೋ” ಅಂದರು, ಮೆಲ್ಲಗೆ.

“ಏಳೊಂಬತ್ಲಿ ಅರವತ್ತಮೂರು, ದಶಕ ಆರು... ಅಯ್ಯೋ, ಏಳು ಕೂಡಿಬಿಟ್ಟಿದ್ದೀನಿ.” ಸೆರಗಿಲ್ಲದ ಹುಡುಗಿ, ಲಂಗದ ತುದಿಯಿಂದಲೇ ಒರೆಸಿದಳು. “ನೂರೈವತ್ತಮೂರು. ಕೊಳೆತದ್ದು ಐವತ್ತೊಂದು. ಉಳಿದದ್ದು ನೂರಾ ಎರಡು.”

ಚಿಕ್ಕಹನುಮಯ್ಯ ಬಾರುಕೋಲನ್ನು ಕಂಕುಳಿಗೆ ಸಿಕ್ಕಿಸಿ ಬೆರಳು ಮಡಿಸುತ್ತಾ ಬಹಳ ಹೊತ್ತು ಎಣಿಸಿದ. ನಾವೆಲ್ಲ ಅವನಿಗಾಗಿ ಕಾದೆವು. ಕೊನೆಗೆ, “ಕೂತ್ಕೊಳ್ಲಿ ಪರೀಕ್ಷೆಗೆ” ಅಂದು ಗಾಡಿ ಹತ್ತಿದ.

ಪಾಸಾದಳು. ಲೆಕ್ಕದಲ್ಲಿ ನಲವತ್ತೊಂದು. ದೊಡ್ಡ ನಂಬರಲ್ಲ. ಎಂಟನೇ ಕ್ಲಾಸಿಗೆ ಯಲಹಂಕಕ್ಕೆ ಹೋದಳು. ಸಂಜೆ ಮಾತ್ರ ನೀಲಕ್ಕನ ಜಗಲಿ ಬಿಡಲಿಲ್ಲ. ಊರಿನವರು ಅವರಿಗೆ ಹೊಡೆಯದ ಟೀಚರಮ್ಮ ಅಂತ ಆಡಿಕೊಳ್ಳುವುದನ್ನು ನಿಲ್ಲಿಸಲೂ ಇಲ್ಲ. ಆದರೂ ಹೊಸದಾಗಿ ಮಕ್ಕಳನ್ನು ಕರೆತರುವ ತಾಯಂದಿರಿಗೆ ನಾನು ದಾರಿಯಲ್ಲೇ ಹೇಳಿಬಿಡುತ್ತಿದ್ದೆ, ಬರೀ ಎಲೆ ಅಡಿಕೆ ಕೊಡಿ, ಬೇರೆ ಏನೂ ಅನ್ನಬೇಡಿ ಅಂತ.

ಧಾರವಾಡಕ್ಕೆ ಬೇರೆ ಕೃಷಿ ವಿಶ್ವವಿದ್ಯಾಲಯ ಆದಾಗ ನಾಗಲಿಂಗಪ್ಪನವರು ಆ ಕಡೆಗೆ ಕೆಲಸ ಕೇಳಿ ಪಡೆದರು. ಸಾಮಾನೆಲ್ಲ ಲಾರಿಗೆ ಹೇರಿದ ಮೇಲೆ ನೀಲಕ್ಕ ಬರಿಗೈಯಲ್ಲಿ ಜಗಲಿಯ ಮೇಲೆ ಕೂತಿದ್ದರು. ಮೊರವೂ ಲಾರಿಯೊಳಗೆ ಹೋಗಿತ್ತು. ರಾಮಿ ಅಷ್ಟೊತ್ತಿಗೆ ನನಗಿಂತ ಎತ್ತರ ಬೆಳೆದಿದ್ದಳು.

“ರಾಮಲಕ್ಷ್ಮಮ್ಮ, ಕೈ ಕೊಡು ಇಲ್ಲೆ” ಅಂದರು.

ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ತಡಮಾಡಲಿಲ್ಲ. ಅಂಗೈ ಮೇಲಾಗಿ, ಬೆರಳು ಬಿಡಿಸಿ ಚಾಚಿದಳು. ನೀಲಕ್ಕ ಸೆರಗಿನ ಗಂಟು ಬಿಚ್ಚಿ ಎರಡು ಶೇಂಗಾ ಉಂಡೆ ಇಟ್ಟರು, ಅವಳ ಬೆರಳುಗಳನ್ನು ತಾವೇ ಮಡಿಸಿ ಮುಚ್ಚಿದರು, ಎದ್ದು ಲಾರಿಯ ಕಡೆಗೆ ನಡೆದರು.